ಪಿಪೆಟ್ ಹಿಡಿಯುವ ಮೊದಲು ದ್ರವದ ಗುಣ ತಿಳಿಯಿರಿ: ನೀರಿನಿಂದ ಗ್ಲಿಸರಾಲ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಒಂದೇ ಕೆಲಸ ಕೊಡುತ್ತೇನೆ. ಮೂರು ಟ್ಯೂಬ್ ಇಡುತ್ತೇನೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಗ್ಲಿಸರಾಲ್, ಮೂರನೆಯದರಲ್ಲಿ ಅಸಿಟೋನ್. ಚಿಕ್ಕ ಪ್ರಮಾಣದ ದ್ರವ ಅಳೆಯುವ ಪಿಪೆಟ್ಟನ್ನು 100 ಮೈಕ್ರೋಲೀಟರಿಗೆ (ಒಂದು ಮೈಕ್ರೋಲೀಟರ್ ಅಂದರೆ ಮಿಲಿಲೀಟರಿನ ಸಾವಿರದ ಒಂದು ಭಾಗ) ಇಟ್ಟು ಮೂರನ್ನೂ ಒಂದೇ ಥರ ತೆಗೆಯಿರಿ ಅಂತ ಹೇಳುತ್ತೇನೆ. ನೀರು ಸರಿಯಾಗಿ ಬರುತ್ತದೆ. ಗ್ಲಿಸರಾಲ್ ಅರ್ಧ ಟಿಪ್ಪಿನವರೆಗೆ (ಪಿಪೆಟ್ಟಿನ ತುದಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ) ತೆವಳಿಕೊಂಡು ಬರುವಷ್ಟರಲ್ಲಿ ಅವರು ಟಿಪ್ ಮೇಲೆತ್ತಿರುತ್ತಾರೆ. ಹಿಂದೆಯೇ ಒಂದು ಗುಳ್ಳೆ ಒಳಗೆ ನುಗ್ಗುತ್ತದೆ. ಅಸಿಟೋನ್ ಅಂತೂ ಟ್ಯೂಬಿನಿಂದ ಹೊರಗೆ ಬಂದ ಕೂಡಲೇ ತೊಟ್ಟಿಕ್ಕಲು ಶುರು ಮಾಡುತ್ತದೆ. ಪಿಪೆಟ್ ಅದೇ, ಕೈ ಅದೇ, ಅಂಕಿಯೂ ಅದೇ. ಬಂದ ಅಳತೆ ಮಾತ್ರ ಮೂರು ಥರ.

ಯಾಕೆ ಹೀಗೆ? ಎಳನೀರು ಕುಡಿಯುವಾಗ ಸ್ಟ್ರಾದ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಒಳಗೇ ನಿಲ್ಲುತ್ತದೆ ಅಲ್ವಾ? ಬೆರಳು ತೆಗೆದರೆ ಸುರಿದುಹೋಗುತ್ತದೆ. ನೀರನ್ನು ಹಿಡಿದಿಟ್ಟಿದ್ದು ಗಾಳಿಯ ಒತ್ತಡ. ನಾವು ದಿನವೂ ಬಳಸುವ ಮೈಕ್ರೋಪಿಪೆಟ್ಟಿನಲ್ಲೂ ನಡೆಯುವುದು ಇದೇ. ಒಳಗಿನ ಪಿಸ್ಟನ್ ದ್ರವವನ್ನು ಮುಟ್ಟುವುದೇ ಇಲ್ಲ. ಎರಡರ ನಡುವೆ ಗಾಳಿಯ ಒಂದು ಮೆತ್ತೆ ಇರುತ್ತದೆ. ಪಿಸ್ಟನ್ ಗಾಳಿಯನ್ನು ಎಳೆಯುತ್ತದೆ, ಗಾಳಿ ದ್ರವವನ್ನು ಎಳೆಯುತ್ತದೆ. ಕಿಟಕಿಯಲ್ಲಿ ಕಾಣುವ ಅಂಕಿ ಪಿಸ್ಟನ್ ಎಷ್ಟು ಸರಿಯುತ್ತದೆ ಅನ್ನುವುದರ ಲೆಕ್ಕ. ಅಷ್ಟೇ ದ್ರವ ಬರುತ್ತದೆ ಅನ್ನುವ ಭರವಸೆ ನೀರಿಗೆ ಮಾತ್ರ. ಪಿಪೆಟ್ಟನ್ನು ನೀರಿನಿಂದಲೇ ಕ್ಯಾಲಿಬ್ರೇಟ್ ಮಾಡಿರುತ್ತಾರೆ, ಅಂದರೆ ಅಳತೆ ಹೊಂದಿಸಿರುತ್ತಾರೆ, ಅದಕ್ಕೆ.

ಈ ಗಾಳಿಯ ಮೆತ್ತೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಮಂದ ದ್ರವ ಅದರ ಜೊತೆ ಓಡಲಾರದೆ ಹಿಂದೆ ಉಳಿಯುತ್ತದೆ. ಆವಿಯಾಗುವ ದ್ರವ ಅದರೊಳಗೆ ಸೇರಿಕೊಂಡು ಉಬ್ಬಿಸುತ್ತದೆ. ತೂಕದ ದ್ರವ ಅದನ್ನು ಕೆಳಗೆ ಜಗ್ಗುತ್ತದೆ. ಬಿಸಿ ದ್ರವ ಹಿಗ್ಗಿಸುತ್ತದೆ, ತಣ್ಣನೆಯದು ಕುಗ್ಗಿಸುತ್ತದೆ. ಮುಂದೆ ಹೇಳುವ ಎಲ್ಲ ಉಪಾಯಗಳೂ ಈ ಗಾಳಿಯನ್ನು ಸರಿದೂಗಿಸಲು.

ಈ ಉಪಕರಣ ಹುಟ್ಟಿದ್ದು ಜರ್ಮನಿಯ ಮಾರ್ಬುರ್ಗ್‌ನಲ್ಲಿ, 1957ರಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ಹೈನ್‌ರಿಶ್ ಶ್ನಿಟ್ಗರ್, ಗಾಜಿನ ಕೊಳವೆಯಲ್ಲಿ ಬಾಯಿಂದ ಎಳೆದು ಅಳೆಯುವ ಕೆಲಸಕ್ಕೆ ಬೇಸತ್ತು ಇದನ್ನು ಮಾಡಿದರು. ಸ್ಪ್ರಿಂಗ್ ಇರುವ ಪಿಸ್ಟನ್, ಬಿಸಾಡುವ ಪ್ಲಾಸ್ಟಿಕ್ ಟಿಪ್, ಉಳಿದ ಹನಿಯನ್ನು ಹೊರದೂಡಲು ಎರಡನೇ ಸ್ಪ್ರಿಂಗ್, ಎಲ್ಲವೂ ಅವರ ಯೋಚನೆಯಲ್ಲೇ ಇದ್ದವು. ಬೇಕಾದ ಅಳತೆಗೆ ತಿರುಗಿಸಿಕೊಳ್ಳುವ ಪಿಪೆಟ್ಟನ್ನು 1970ರ ದಶಕದಲ್ಲಿ ಅಮೆರಿಕದ ವಾರೆನ್ ಗಿಲ್ಸನ್ ಜನಪ್ರಿಯಗೊಳಿಸಿದರು.

ಪಿಪೆಟ್ ಆರಿಸುವುದು, ಅಂಕಿ ಓದುವುದು

ಒಂದು ಪಿಪೆಟ್ಟಿನ ಗರಿಷ್ಠ ಅಳತೆಯ ಮೂರನೇ ಒಂದು ಭಾಗಕ್ಕಿಂತ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. 20 ಮೈಕ್ರೋಲೀಟರ್ ಬೇಕಾದರೆ ಪಿ-200 (ಗರಿಷ್ಠ 200 ಮೈಕ್ರೋಲೀಟರಿನದು) ಹಿಡಿಯಬೇಡಿ. ಅದರ ಗಾಳಿಯ ಮೆತ್ತೆ ದೊಡ್ಡದು, ತಪ್ಪೂ ದೊಡ್ಡದಾಗುತ್ತದೆ. ಪಿ-20 ಎದ್ದು ತನ್ನಿ. ಪಕ್ಕದ ಬೆಂಚಿನಲ್ಲಿ ಇದ್ದರೂ ಸರಿ.

ಅಂಕಿ ಓದುವಾಗ ಆಗುವ ತಪ್ಪು ಒಂದಿದೆ, ಪ್ರತಿ ವರ್ಷ ನೋಡುತ್ತೇನೆ. ಮೂರು ಅಂಕಿಯ ಕಿಟಕಿ ಇರುವ ಪಿಪೆಟ್ಟುಗಳಲ್ಲಿ ‘150’ ಎಂದು ಕಂಡರೆ ಪಿ-200ರಲ್ಲಿ ಅದು 150 ಮೈಕ್ರೋಲೀಟರ್. ಪಿ-20ರಲ್ಲಿ ಅದೇ ‘150’ ಅಂದರೆ 15.0. ಪಿ-1000ದಲ್ಲಿ ‘075’ ಅಂದರೆ 750. ಕೆಂಪು ಬಣ್ಣದ ಅಂಕಿ ಎಲ್ಲಿದೆ ನೋಡಿ. ಚಿಕ್ಕ ಪಿಪೆಟ್ಟಿನಲ್ಲಿ ಅದು ದಶಾಂಶ, ಪಿ-1000ದಲ್ಲಿ ಸಾವಿರದ ಸ್ಥಾನ. ಅನುಮಾನ ಬಂದರೆ ಟಿಪ್ಪಿನಲ್ಲಿ ಬಂದ ದ್ರವದ ಎತ್ತರ ನೋಡಿ. ಕೆಲವು ತಿಂಗಳಲ್ಲಿ ಕಣ್ಣಿಗೇ ಅಳತೆ ಗೊತ್ತಾಗುತ್ತದೆ.

ಅಳತೆ ಹೆಚ್ಚಿಸುವಾಗ ಬೇಕಾದ ಅಂಕಿಗಿಂತ ಮೂರನೇ ಒಂದು ಸುತ್ತು ಮುಂದೆ ಹೋಗಿ, ಮತ್ತೆ ಕೆಳಗೆ ತನ್ನಿ. ಯಾವಾಗಲೂ ಮೇಲಿಂದ ಇಳಿದು ಬಂದರೆ ಒಳಗಿನ ತಿರುಪಿನ ಸಡಿಲ ಪ್ರತಿ ಸಲವೂ ಒಂದೇ ಕಡೆ ಇರುತ್ತದೆ. ಗರಿಷ್ಠ ಅಳತೆ ದಾಟಿ ಬಲವಂತವಾಗಿ ತಿರುಗಿಸಲೇಬೇಡಿ. ಟಿಪ್ ಹಾಕುವಾಗ ಬಾಕ್ಸಿಗೆ ಕುಟ್ಟಬೇಡಿ. ನೇರವಾಗಿ ಒತ್ತಿ, ಚೂರು ತಿರುಚಿದರೆ ಸಾಕು.

ನೀರಿನಂಥ ದ್ರವಗಳು: ಇದು ಮೂಲ ಪಾಠ

ಬಫರ್, ಉಪ್ಪಿನ ದ್ರಾವಣ, ಪ್ರೈಮರ್, ತೆಳು ಡಿಎನ್‌ಎ ಮಾದರಿ ಎಲ್ಲವೂ ಈ ಗುಂಪಿಗೆ ಸೇರಿದವು. ಪ್ಲಂಜರ್, ಅಂದರೆ ಹೆಬ್ಬೆರಳಿನಿಂದ ಒತ್ತುವ ಗುಂಡಿ, ಒತ್ತಿದಾಗ ಒಂದು ಕಡೆ ತಡೆ ಸಿಗುತ್ತದೆ, ಅದು ಮೊದಲ ಸ್ಟಾಪ್. ಇನ್ನೂ ಒತ್ತಿದರೆ ಎರಡನೇ ಸ್ಟಾಪ್. ಅಳತೆ ಇರುವುದು ಮೊದಲ ಸ್ಟಾಪಿನವರೆಗೆ ಮಾತ್ರ.

1. ಹೊಸ ಟಿಪ್ ಹಾಕಿ. ಅದೇ ದ್ರವವನ್ನು ಮೂರು ಸಲ ಒಳಗೆಳೆದು ಹೊರಗೆ ಬಿಡಿ. ಟಿಪ್ಪಿನ ಒಳಗೋಡೆ ಒದ್ದೆಯಾಗುತ್ತದೆ, ಒಳಗಿನ ಗಾಳಿಗೂ ತೇವ ಸಿಗುತ್ತದೆ. ಒಣ ಟಿಪ್ಪಿನ ಮೊದಲ ಅಳತೆ ಯಾವಾಗಲೂ ಚೂರು ಕಮ್ಮಿ.
2. ಟಿಪ್ ದ್ರವದ ಹೊರಗಿರುವಾಗಲೇ ಮೊದಲ ಸ್ಟಾಪಿನವರೆಗೆ ಒತ್ತಿ.
3. ಪಿಪೆಟ್ ನೆಟ್ಟಗೆ ಹಿಡಿದು ಟಿಪ್ ಮುಳುಗಿಸಿ. ಪಿ-10 ಆದರೆ 1 ಮಿಲಿಮೀಟರ್, ಪಿ-20 ಮತ್ತು ಪಿ-200 ಆದರೆ 2ರಿಂದ 3, ಪಿ-1000 ಆದರೆ 3ರಿಂದ 5 ಮಿಲಿಮೀಟರ್. ಜಾಸ್ತಿ ಮುಳುಗಿಸಿದರೆ ಟಿಪ್ಪಿನ ಹೊರಮೈಗೂ ದ್ರವ ಅಂಟಿ ಬರುತ್ತದೆ.
4. ಹೆಬ್ಬೆರಳನ್ನು ನಿಧಾನವಾಗಿ ಬಿಡಿ. ಟಪ್ಪನೆ ಬಿಟ್ಟರೆ ದ್ರವ ಚಿಮ್ಮಿ ಪಿಪೆಟ್ಟಿನ ಒಳಗೇ ಹೋಗಬಹುದು.
5. ಒಂದು ಸೆಕೆಂಡ್ ಕಾಯಿರಿ. ಆಮೇಲೆ ನೆಟ್ಟಗೆ ಮೇಲೆತ್ತಿ.
6. ಬಿಡುವಾಗ ಟಿಪ್ಪನ್ನು ಟ್ಯೂಬಿನ ಒಳಗೋಡೆಗೆ ಚೂರು ಓರೆಯಾಗಿ ತಾಗಿಸಿ. ಮೊದಲ ಸ್ಟಾಪಿಗೆ ಒತ್ತಿ, ಒಂದು ಸೆಕೆಂಡ್ ನಿಲ್ಲಿ, ಆಮೇಲೆ ಎರಡನೇ ಸ್ಟಾಪಿಗೆ ಒತ್ತಿ.
7. ಪ್ಲಂಜರ್ ಒತ್ತಿ ಹಿಡಿದೇ ಟಿಪ್ಪನ್ನು ಗೋಡೆಗೆ ಸವರುತ್ತ ಹೊರಗೆ ತನ್ನಿ. ಹೊರಬಂದ ಮೇಲೆ ಬೆರಳು ಬಿಡಿ.

ಏಳನೇ ಹೆಜ್ಜೆಯಲ್ಲೇ ಎಷ್ಟೋ ಜನ ಎಡವುತ್ತಾರೆ. ಟಿಪ್ ಇನ್ನೂ ದ್ರವದಲ್ಲಿರುವಾಗ ಬೆರಳು ಬಿಟ್ಟರೆ, ಹಾಕಿದ್ದರಲ್ಲಿ ಸ್ವಲ್ಪ ವಾಪಸ್ ಬಂದುಬಿಡುತ್ತದೆ. ಇದನ್ನು ಮುಂದಕ್ಕೆ ತಳ್ಳುವ ವಿಧಾನ ಎನ್ನೋಣ, ಇಂಗ್ಲಿಷಿನಲ್ಲಿ ಫಾರ್ವರ್ಡ್ ಪಿಪೆಟಿಂಗ್ ಅಂತಾರೆ. ಮುಂದಿನ ದ್ರವಗಳಿಗೆ ಇದರ ಅಣ್ಣ ಬೇಕು.

ಗ್ಲಿಸರಾಲ್ ಮತ್ತು ರಿವರ್ಸ್ ಪಿಪೆಟಿಂಗ್

20 ಡಿಗ್ರಿಯಲ್ಲಿ ಶುದ್ಧ ಗ್ಲಿಸರಾಲ್ ನೀರಿಗಿಂತ ಸುಮಾರು 1400 ಪಟ್ಟು ಮಂದ. ಮನೆಯಲ್ಲಿ ಹರಳೆಣ್ಣೆ ಅಳೆದು ಹಾಕಿದ ಲೋಟವನ್ನು ನೆನಪಿಸಿಕೊಳ್ಳಿ. ಎಷ್ಟು ಬಗ್ಗಿಸಿದರೂ ಗೋಡೆಯ ಮೇಲೆ ಒಂದು ಪದರ ಉಳಿದೇ ಉಳಿಯುತ್ತದೆ. ಟಿಪ್ಪಿನೊಳಗೂ ಹಾಗೇ. ಮುಂದಕ್ಕೆ ತಳ್ಳುವ ವಿಧಾನದಲ್ಲಿ ಈ ಪದರ ನಿಮ್ಮ ಅಳತೆಯಿಂದಲೇ ಕಡಿತವಾಗುತ್ತದೆ. ರಿವರ್ಸ್ ವಿಧಾನದಲ್ಲಿ ಮೊದಲೇ ಜಾಸ್ತಿ ತೆಗೆದುಕೊಳ್ಳುತ್ತೇವೆ, ಬಿಡುವಾಗ ಬೇಕಾದಷ್ಟೇ ಬಿಡುತ್ತೇವೆ. ಗೋಡೆಗೆ ಅಂಟಿದ್ದು ಆ ಜಾಸ್ತಿಯಲ್ಲೇ ಸೇರಿಹೋಗುತ್ತದೆ.

1. ಟಿಪ್ ಹೊರಗಿರುವಾಗಲೇ ನೇರ ಎರಡನೇ ಸ್ಟಾಪಿನವರೆಗೆ ಒತ್ತಿ.
2. ಟಿಪ್ ಮುಳುಗಿಸಿ, ಬೆರಳನ್ನು ತುಂಬ ನಿಧಾನವಾಗಿ ಬಿಡಿ. ಬೆರಳು ಪೂರ್ತಿ ಮೇಲೆ ಬಂದ ಮೇಲೂ ದ್ರವ ಏರುತ್ತಲೇ ಇರುತ್ತದೆ. ಟಿಪ್ಪಿನೊಳಗಿನ ಗೆರೆ ನಿಲ್ಲುವವರೆಗೆ ಟಿಪ್ಪನ್ನು ದ್ರವದಲ್ಲೇ ಇಡಿ. ಐದು ಸೆಕೆಂಡ್ ಆಗಬಹುದು, ಹತ್ತೂ ಆಗಬಹುದು.
3. ಹೊರಮೈಯನ್ನು ಬಾಟಲಿಯ ಬಾಯಿಗೆ ಸವರಿ.
4. ಮೊದಲ ಸ್ಟಾಪಿನವರೆಗೆ ಮಾತ್ರ, ನಿಧಾನವಾಗಿ ಒತ್ತಿ. ಹನಿ ಇಳಿಯುವುದು ನಿಲ್ಲುವವರೆಗೆ ಹಾಗೇ ಹಿಡಿದುಕೊಳ್ಳಿ.
5. ಎರಡನೇ ಸ್ಟಾಪಿಗೆ ಹೋಗಬೇಡಿ. ಟಿಪ್ಪಿನಲ್ಲಿ ಉಳಿದದ್ದು ನಿಮ್ಮ ಲೆಕ್ಕದಲ್ಲಿ ಇಲ್ಲ. ಅದನ್ನು ಟಿಪ್ಪಿನ ಜೊತೆಗೇ ಬಿಸಾಡಿ.

ಟಿಪ್ಪಿನ ತುದಿಯನ್ನು ಸ್ವಚ್ಛವಾದ ಕತ್ತರಿಯಿಂದ ಮೂರ್ನಾಲ್ಕು ಮಿಲಿಮೀಟರ್ ಕತ್ತರಿಸಿದರೆ ಬಾಯಿ ಅಗಲವಾಗಿ ಕೆಲಸ ಬೇಗ ಆಗುತ್ತದೆ. ಆದರೆ ಅಳತೆ ತುಂಬ ನಿಖರವಾಗಿ ಬೇಕಿದ್ದರೆ ನನ್ನ ಸಲಹೆ ಬೇರೆ. ಪಿಪೆಟ್ ಬದಿಗಿಟ್ಟು ತಕ್ಕಡಿಗೆ ಹೋಗಿ. 1 ಮಿಲಿಲೀಟರ್ ಗ್ಲಿಸರಾಲ್ 1.26 ಗ್ರಾಂ ತೂಗುತ್ತದೆ. 10 ಮಿಲಿಲೀಟರ್ ಬೇಕಾದರೆ 12.6 ಗ್ರಾಂ ಸುರಿದುಕೊಳ್ಳಿ, ಅಷ್ಟೇ. ಟ್ವೀನ್-20, ಟ್ರೈಟನ್ ಎಕ್ಸ್-100 ಎಂಬ ಮಂದ ಡಿಟರ್ಜೆಂಟ್‌ಗಳಿಗೂ ಇದೇ ಮಾತು. ಇವನ್ನು ಪ್ರತಿ ಸಲ ಬಾಟಲಿಯಿಂದ ನೇರವಾಗಿ 50 ಮೈಕ್ರೋಲೀಟರ್ ತೆಗೆಯಲು ಹೋಗಿ ಒದ್ದಾಡಬೇಡಿ. 10 ಗ್ರಾಂ ತೂಗಿ, ನೀರು ಸೇರಿಸಿ 100 ಮಿಲಿಲೀಟರ್ ಮಾಡಿ, ಶೇ. 10ರ ಸ್ಟಾಕ್ ಇಟ್ಟುಕೊಳ್ಳಿ. ಆ ಸ್ಟಾಕ್ ಪಿಪೆಟ್ಟಿಗೆ ಸುಲಭವಾಗಿ ಬರುತ್ತದೆ.

ಎನ್‌ಜೈಮ್: ಒಂದು ಮೈಕ್ರೋಲೀಟರಿನ ಬೆಲೆ

ಡಿಎನ್‌ಎ ಕತ್ತರಿಸುವ ರೆಸ್ಟ್ರಿಕ್ಷನ್ ಎನ್‌ಜೈಮ್, ಅದನ್ನು ನಕಲಿಸುವ ಟ್ಯಾಕ್ ಪಾಲಿಮರೇಸ್, ತುಂಡುಗಳನ್ನು ಬೆಸೆಯುವ ಲೈಗೇಸ್‌ಗಳೆಲ್ಲ ಸಾಮಾನ್ಯವಾಗಿ ಶೇ. 50 ಗ್ಲಿಸರಾಲ್‌ನಲ್ಲಿ ಬರುತ್ತವೆ. ಅದಕ್ಕೇ ಮೈನಸ್ 20 ಡಿಗ್ರಿಯಲ್ಲಿಟ್ಟರೂ ಅವು ಹೆಪ್ಪುಗಟ್ಟುವುದಿಲ್ಲ. ಇಲ್ಲಿ ರಿವರ್ಸ್ ವಿಧಾನ ಬಳಸಲು ಮನಸ್ಸು ಬರುವುದಿಲ್ಲ. ಪ್ರತಿ ಸಲ ಟಿಪ್ಪಿನಲ್ಲಿ ಉಳಿಯುವ ಎನ್‌ಜೈಮ್ ಕಸಕ್ಕೆ ಹೋಗುತ್ತದೆ, ಅದರ ಬೆಲೆ ಕಮ್ಮಿಯಲ್ಲ.

ಎಂ.ಎಸ್ಸಿ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ 50 ರಿಯಾಕ್ಷನ್‌ಗೆ ಸಾಕಾಗುವ ಒಂದು ಎನ್‌ಜೈಮ್ ಟ್ಯೂಬ್ ಕೊಟ್ಟಿದ್ದರು. ಮೂವತ್ತು ಮುಗಿಯುವ ಮೊದಲೇ ಟ್ಯೂಬ್ ಖಾಲಿ. ಯಾರೋ ಬಳಸಿರಬೇಕು ಅಂದುಕೊಂಡೆ. ಹಿರಿಯ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕುಳಿತು ನಾನು ತೆಗೆಯುವುದನ್ನು ನೋಡಿದರು. ಟಿಪ್ಪನ್ನು ಬೆಳಕಿಗೆ ಹಿಡಿಯಮ್ಮ ಅಂದರು. ಹಿಡಿದೆ. ಟಿಪ್ಪಿನೊಳಗೆ ಚಿಕ್ಕದೊಂದು ದ್ರವದ ಕಂಬ. ಹೊರಗೆ, ತುದಿಯಿಂದ ಅರ್ಧ ಸೆಂಟಿಮೀಟರ್ ಎತ್ತರದವರೆಗೆ, ಹೊಳೆಯುವ ಒಂದು ದಪ್ಪ ಪದರ. ಒಳಗಿದ್ದಷ್ಟೇ ಹೊರಗೂ ಇದ್ದ ಹಾಗಿತ್ತು. ಪ್ರತಿ ರಿಯಾಕ್ಷನ್‌ಗೂ ನಾನು ಲೆಕ್ಕಕ್ಕಿಂತ ಜಾಸ್ತಿ ಎನ್‌ಜೈಮ್ ಸುರಿಯುತ್ತಿದ್ದೆ. ಜೊತೆಗೆ ಗ್ಲಿಸರಾಲ್ ಕೂಡ. ರಿಯಾಕ್ಷನ್ನಿನಲ್ಲಿ ಗ್ಲಿಸರಾಲ್ ಶೇ. 5 ದಾಟಿದರೆ ಕೆಲವು ರೆಸ್ಟ್ರಿಕ್ಷನ್ ಎನ್‌ಜೈಮ್‌ಗಳು ಕತ್ತರಿಸಬಾರದ ಕಡೆ ಕತ್ತರಿಸುತ್ತವೆ. ಜೆಲ್‌ನಲ್ಲಿ ಬರುತ್ತಿದ್ದ ಬೇಡದ ಬ್ಯಾಂಡ್‌ಗಳಿಗೂ ಅದೇ ಕಾರಣ ಇದ್ದಿರಬಹುದು.

ಅವತ್ತಿನಿಂದ ನಾನು ಮಾಡುವುದು ಹೀಗೆ. ಟ್ಯೂಬನ್ನು ಮಂಜುಗಡ್ಡೆಯ ಮೇಲೆ ಇಡುತ್ತೇನೆ. ಸೆಂಟ್ರಿಫ್ಯೂಜ್‌ನಲ್ಲಿ ಒಂದೆರಡು ಸೆಕೆಂಡ್ ಸ್ಪಿನ್ ಮಾಡಿ ಗೋಡೆಯ ಹನಿಗಳನ್ನು ಕೆಳಗಿಳಿಸುತ್ತೇನೆ. ಪಿ-2 ಅಥವಾ ಪಿ-10 ಹಿಡಿದು ಮೊದಲ ಸ್ಟಾಪಿಗೆ ಒತ್ತಿ, ಟ್ಯೂಬನ್ನು ಕಣ್ಣಿನ ಮಟ್ಟಕ್ಕೆ ತಂದು, ಟಿಪ್ಪಿನ ತುದಿ ದ್ರವದ ಮೇಲ್ಮೈಯನ್ನು ಬರೀ ತಾಗುವಂತೆ ಹಿಡಿಯುತ್ತೇನೆ. ನಿಧಾನವಾಗಿ ಎಳೆದು, ಎರಡು ಸೆಕೆಂಡ್ ಕಾದು, ಗೋಡೆಗೆ ಸವರಿ ತೆಗೆಯುತ್ತೇನೆ. ಬಿಡುವಾಗ ಟಿಪ್ಪನ್ನು ರಿಯಾಕ್ಷನ್ ದ್ರವದೊಳಗೇ ಇಳಿಸಿ, ಒತ್ತಿ, ಅದೇ ದ್ರವವನ್ನು ನಾಲ್ಕೈದು ಸಲ ಮೆಲ್ಲಗೆ ಎಳೆದು ಬಿಟ್ಟು ಟಿಪ್ ತೊಳೆಯುತ್ತೇನೆ. ಗೋಡೆಗೆ ಅಂಟಿದ್ದೂ ರಿಯಾಕ್ಷನ್ನಿಗೇ ಸೇರುತ್ತದೆ. ಗ್ಲಿಸರಾಲ್ ತೂಕ ಜಾಸ್ತಿ, ಹಾಗಾಗಿ ಎನ್‌ಜೈಮ್ ತಳಕ್ಕೆ ಹೋಗಿ ಕೂರುತ್ತದೆ. ಮೆಲ್ಲಗೆ ಕಲಸುವುದು ಅದಕ್ಕೂ ಬೇಕು. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಾಡಿಸುವುದು ಬೇಡ.

ಮಾದರಿಗಳು ತುಂಬ ಇದ್ದರೆ ಒಂದೊಂದಕ್ಕೂ ಅರ್ಧ ಮೈಕ್ರೋಲೀಟರ್ ಹಾಕುತ್ತ ಕೂರಬೇಡಿ. 20 ರಿಯಾಕ್ಷನ್ ಇದ್ದರೆ 22ಕ್ಕೆ ಆಗುವಷ್ಟು ಮಾಸ್ಟರ್ ಮಿಕ್ಸ್ (ಎಲ್ಲ ರಿಯಾಕ್ಷನ್‌ಗೂ ಒಟ್ಟಿಗೆ ಕಲಸಿಟ್ಟ ಮಿಶ್ರಣ) ಮಾಡಿ. ಎನ್‌ಜೈಮ್ ಆಗ 11 ಮೈಕ್ರೋಲೀಟರ್ ಆಗುತ್ತದೆ, ಅದನ್ನು ಪಿಪೆಟ್ ನೆಮ್ಮದಿಯಿಂದ ಅಳೆಯುತ್ತದೆ.

ನೊರೆ ಬರುವ ದ್ರವಗಳು

ಬಿಎಸ್‌ಎ ಎಂಬ ಪ್ರೋಟೀನ್, ಸೀರಮ್, ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಇರುವ ಬಫರ್. ಎರಡನೇ ಸ್ಟಾಪಿಗೆ ಒತ್ತಿದ ಕೂಡಲೇ ಗಾಳಿ ಹೊರಬಂದು ನೊರೆ ಏಳುತ್ತದೆ. ರಿವರ್ಸ್ ವಿಧಾನದಲ್ಲಿ ಬಿಡುವಾಗ ಎರಡನೇ ಸ್ಟಾಪಿನ ಗೊಡವೆಯೇ ಇಲ್ಲ, ಹಾಗಾಗಿ ಇವಕ್ಕೂ ಅದೇ ಮದ್ದು. 96 ಗುಂಡಿಯ ಪ್ಲೇಟಿನಲ್ಲಿ ಪ್ರೋಟೀನ್ ಅಳೆಯುವಾಗ ಇದು ಮುಖ್ಯ. ಒಂದು ಗುಂಡಿಯಲ್ಲಿ ಒಂದು ಗುಳ್ಳೆ ಇದ್ದರೂ ಆ ಗುಂಡಿಯ ರೀಡಿಂಗ್ ಕೆಟ್ಟಿತು.

ಆವಿಯಾಗುವ ದ್ರವಗಳು

ಅಸಿಟೋನ್ 56 ಡಿಗ್ರಿಗೆ ಕುದಿಯುತ್ತದೆ, ಕ್ಲೋರೋಫಾರ್ಮ್ 61ಕ್ಕೆ, ಮೆಥನಾಲ್ 65ಕ್ಕೆ, ಎಥನಾಲ್ 78ಕ್ಕೆ. ಇವು ಟಿಪ್ಪಿನೊಳಗೆ ಬಂದ ಕ್ಷಣದಿಂದಲೇ ಮೇಲಿನ ಒಣ ಗಾಳಿಗೆ ಆವಿ ಸೇರಿಸುತ್ತವೆ. ಗಾಳಿಯ ಮೆತ್ತೆ ಉಬ್ಬುತ್ತದೆ. ಉಬ್ಬಿದ ಗಾಳಿ ದ್ರವವನ್ನು ಕೆಳಗೆ ದೂಡುತ್ತದೆ. ತೊಟ್ಟಿಕ್ಕುವುದು ಅದಕ್ಕೇ. ಪಿಪೆಟ್ ಸೋರುತ್ತಿದೆ ಅಂತ ರಿಪೇರಿಗೆ ಕಳಿಸುವ ಮೊದಲು, ನೀರು ತುಂಬಿ 20 ಸೆಕೆಂಡ್ ನೆಟ್ಟಗೆ ಹಿಡಿದು ನೋಡಿ. ನೀರು ನಿಂತರೆ ಪಿಪೆಟ್ ಸರಿ ಇದೆ.

ಮದ್ದು ಏನಪ್ಪಾ ಅಂದರೆ, ಆ ಗಾಳಿಗೆ ಬೇಕಾದಷ್ಟು ಆವಿಯನ್ನು ಮೊದಲೇ ಕೊಟ್ಟುಬಿಡುವುದು. ಅದೇ ದ್ರವವನ್ನು ಆರೇಳು ಸಲ ಎಳೆದು ಬಿಡಿ. ಗಾಳಿ ಆವಿಯಿಂದ ತುಂಬಿಕೊಂಡ ಮೇಲೆ ಇನ್ನಷ್ಟು ಆವಿಗೆ ಜಾಗ ಇರುವುದಿಲ್ಲ. ಎಂಟನೇ ಸಲ ತೆಗೆದು ಎತ್ತಿ ಹಿಡಿಯಿರಿ. ಮೊದಲು ಕ್ಷಣಕ್ಕೊಂದು ಹನಿ ಬೀಳುತ್ತಿದ್ದ ಟಿಪ್ಪಿನ ತುದಿಯಲ್ಲಿ ಈಗ ಹನಿ ಕಟ್ಟಿಕೊಳ್ಳುವುದೇ ಇಲ್ಲ. ಅದನ್ನು ಕಣ್ಣಾರೆ ನೋಡಿದವರು ಈ ಹೆಜ್ಜೆಯನ್ನು ಮತ್ತೆ ಬಿಡುವುದಿಲ್ಲ.

ಆಮೇಲೆ ರಿವರ್ಸ್ ವಿಧಾನದಲ್ಲಿ ತೆಗೆದು ತಡಮಾಡದೆ ಬಿಡಿ. ಬಾಟಲಿ ಮತ್ತು ಟ್ಯೂಬ್ ಅಕ್ಕಪಕ್ಕ ಇರಲಿ, ನಡುವೆ ಒಂದು ಗೇಣೂ ಬೇಡ. ಟ್ಯೂಬಿನ ಮುಚ್ಚಳ ಮೊದಲೇ ತೆರೆದಿಡಿ. ಫಿಲ್ಟರ್ ಇರುವ ಟಿಪ್ ಹಾಕಿದರೆ ಪಿಪೆಟ್ಟಿನ ಒಳಭಾಗಕ್ಕೂ ರಕ್ಷಣೆ. ಎಲ್ಲವೂ ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಕಪಾಟು) ಒಳಗೇ ನಡೆಯಲಿ.

ಕ್ಲೋರೋಫಾರ್ಮ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಆರ್‌ಎನ್‌ಎ ತೆಗೆಯುವಾಗ 1 ಮಿಲಿಲೀಟರ್ ಟ್ರೈಜಾಲ್‌ಗೆ (ಕೋಶಗಳನ್ನು ಒಡೆಯುವ ದ್ರಾವಣ) 200 ಮೈಕ್ರೋಲೀಟರ್ ಕ್ಲೋರೋಫಾರ್ಮ್ ಹಾಕುತ್ತೇವೆ. ಅದು ಆವಿಯಾಗುವುದಷ್ಟೇ ಅಲ್ಲ, ನೀರಿಗಿಂತ ಸುಮಾರು ಒಂದೂವರೆ ಪಟ್ಟು ತೂಕವೂ ಇದೆ. ಎರಡೂ ಸೇರಿ ಕೆಳಗೆ ಜಗ್ಗುತ್ತವೆ. ಪಾಲಿಪ್ರೊಪಿಲೀನ್ ಟಿಪ್ ಮತ್ತು ಟ್ಯೂಬ್ ಅದನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ಪಾರದರ್ಶಕವಾದ ಪಾಲಿಸ್ಟೈರೀನ್ ಸಾಮಾನು ಕರಗಿಹೋಗುತ್ತದೆ. ಸೆಲ್ ಕಲ್ಚರ್‌ಗೆ ಬಳಸುವ ಪ್ಲಾಸ್ಟಿಕ್ ಕೊಳವೆಯಲ್ಲಿ ಕ್ಲೋರೋಫಾರ್ಮ್ ತೆಗೆಯಲು ಹೋಗಲೇಬೇಡಿ, ಗಾಜಿನದು ಬಳಸಿ.

ಇಂಥ ದ್ರವಗಳ ಕೆಲಸ ದಿನವೂ ಇದ್ದರೆ ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಿಪೆಟ್ ಕೊಳ್ಳುವುದು ಒಳ್ಳೆಯದು. ಸಿರಿಂಜಿನ ಹಾಗೆ ಅದರ ಪಿಸ್ಟನ್ ನೇರವಾಗಿ ದ್ರವವನ್ನೇ ಮುಟ್ಟುತ್ತದೆ. ನಡುವೆ ಗಾಳಿ ಇಲ್ಲ, ಹಾಗಾಗಿ ಮಂದ ದ್ರವಕ್ಕೂ ಆವಿಯಾಗುವ ದ್ರವಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಿಸ್ಟನ್ ಸಮೇತ ಟಿಪ್ ಬದಲಾಯಿಸಬೇಕು, ಖರ್ಚು ಜಾಸ್ತಿ.

ರಕ್ತ

ರಕ್ತವನ್ನು ತೆಳುಗೊಳಿಸಿ ಕಣಗಳನ್ನು ಎಣಿಸುವಾಗ ಮೇಲಿನ ಯಾವ ವಿಧಾನವೂ ಪೂರ್ತಿ ಹೊಂದುವುದಿಲ್ಲ. ರಿವರ್ಸ್ ಮಾಡಿದರೆ ಟಿಪ್ಪಿನಲ್ಲಿ ಉಳಿದ ರಕ್ತ ವ್ಯರ್ಥ, ಬೆರಳು ಚುಚ್ಚಿ ತೆಗೆದ ಮಾದರಿಯಲ್ಲಿ ಅಷ್ಟು ಇರುವುದೂ ಇಲ್ಲ. ಇಲ್ಲಿ ತೊಳೆದು ಬಿಡುವುದೇ ದಾರಿ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಕಲಸಿ, ಯಾಕೆಂದರೆ ಕೆಂಪು ಕಣಗಳು ಸುಮ್ನೆ ಬಿಟ್ಟರೆ ತಳಕ್ಕೆ ಇಳಿಯುತ್ತವೆ. ಮೊದಲ ಸ್ಟಾಪಿಗೆ ಒತ್ತಿ ರಕ್ತ ಎಳೆಯಿರಿ. ಟಿಪ್ಪಿನ ಹೊರಮೈಯನ್ನು ಟಿಶ್ಯೂನಿಂದ ಮೇಲಿಂದ ಕೆಳಕ್ಕೆ ಒರೆಸಿ, ತುದಿಯ ರಂಧ್ರಕ್ಕೆ ಮಾತ್ರ ಟಿಶ್ಯೂ ತಾಗಬಾರದು. ತಾಗಿದರೆ ಒಳಗಿನ ರಕ್ತವನ್ನೂ ಹೀರುತ್ತದೆ. ಟಿಪ್ಪನ್ನು ಡೈಲ್ಯೂಯೆಂಟ್ (ರಕ್ತವನ್ನು ತೆಳು ಮಾಡುವ ದ್ರವ) ಒಳಗೆ ಇಳಿಸಿ ರಕ್ತ ಬಿಡಿ. ಮತ್ತೆ ಎಳೆದು ಬಿಡಿ. ಒಳಗೋಡೆಯ ಕೆಂಪು ಪೂರ್ತಿ ಹೋಗುವವರೆಗೆ ಮಾಡಿ. ಕೊನೆಗೊಮ್ಮೆ ಎರಡನೇ ಸ್ಟಾಪಿಗೆ ಒತ್ತಿ ಹೊರಗೆ ತನ್ನಿ. ಗ್ಲೌಸ್ ಇಲ್ಲದೆ ಈ ಕೆಲಸ ಬೇಡ. ಬಳಸಿದ ಟಿಪ್ಪುಗಳು ನೇರವಾಗಿ ಹೈಪೋಕ್ಲೋರೈಟ್ ದ್ರಾವಣಕ್ಕೆ ಹೋಗಲಿ.

ಉದ್ದದ ಡಿಎನ್‌ಎ, ಜೀವಂತ ಕೋಶ

ಜೀನೋಮಿಕ್ ಡಿಎನ್‌ಎ ಎಳೆಗಳು ಕಿರಿದಾದ ಟಿಪ್ಪಿನಲ್ಲಿ ಜೋರಾಗಿ ನುಗ್ಗಿದರೆ ತುಂಡಾಗುತ್ತವೆ. ಅಗಲ ಬಾಯಿಯ ಟಿಪ್ ಬಳಸಿ, ಇಲ್ಲದಿದ್ದರೆ ಸ್ಟೆರೈಲ್ ಕತ್ತರಿಯಿಂದ ತುದಿ ಕತ್ತರಿಸಿಕೊಳ್ಳಿ. ನಿಧಾನವೇ ಇಲ್ಲಿ ಮುಖ್ಯ. ಕೋಶಗಳಿಗೂ ಹಾಗೇ. ಜೊತೆಗೆ ಅವು ನಿಮಿಷಗಳಲ್ಲಿ ತಳ ಸೇರುತ್ತವೆ. ಹತ್ತು ಗುಂಡಿಗೆ ಹಾಕುವುದಿದ್ದರೆ ನಡುನಡುವೆ ಕಲಸಿ, ಇಲ್ಲದಿದ್ದರೆ ಮೊದಲ ಗುಂಡಿಗೂ ಕೊನೆಯದಕ್ಕೂ ಕೋಶಗಳ ಸಂಖ್ಯೆ ಬೇರೆ ಬೇರೆಯಾಗುತ್ತದೆ.

ತಣ್ಣಗಿನದು, ಬಿಸಿಯದು

ಮಂಜುಗಡ್ಡೆಯ ಮೇಲಿನ ದ್ರವ ಎಳೆದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ದ್ರವ ಚೂರು ಜಾಸ್ತಿ ಬರುತ್ತದೆ. ಬಿಸಿಯದು ಎಳೆದರೆ ಗಾಳಿ ಹಿಗ್ಗಿ ಕಮ್ಮಿ ಬರುತ್ತದೆ. ಸಾಧ್ಯವಿದ್ದರೆ ದ್ರವ ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಕಾಯಲಾಗದಿದ್ದರೆ ಇದುವರೆಗೆ ಹೇಳಿದ್ದಕ್ಕೆ ಉಲ್ಟಾ ಮಾಡಬೇಕು. ಟಿಪ್ಪನ್ನು ಮೊದಲೇ ಒದ್ದೆ ಮಾಡಬೇಡಿ. ಒದ್ದೆ ಮಾಡಿದಷ್ಟೂ ಆ ಬಿಸಿ ಅಥವಾ ತಂಪು ಗಾಳಿಗೆ ಏರುತ್ತದೆ. ಪ್ರತಿ ಸಲ ಹೊಸ ಟಿಪ್, ಬೇಗ ಎಳೆದು ಬೇಗ ಬಿಡುವುದು.

ಗಿಡದ ಎಲೆಯಿಂದ ಡಿಎನ್‌ಎ ತೆಗೆಯುವವರಿಗೆ ಈ ಎಲ್ಲ ಪಾಠಗಳೂ ಒಂದೇ ದಿನದಲ್ಲಿ ಬೇಕಾಗುತ್ತವೆ. ಬೆಳಿಗ್ಗೆ 65 ಡಿಗ್ರಿಯ, ಸಿಟಿಎಬಿ ಎಂಬ ಡಿಟರ್ಜೆಂಟ್ ಇರುವ ಬಫರ್, ಅದು ಬಿಸಿ, ಮಂದ, ಮೇಲೆ ನೊರೆ ಬೇರೆ. ಆಮೇಲೆ ಕ್ಲೋರೋಫಾರ್ಮ್, ತಣ್ಣನೆಯ ಐಸೊಪ್ರೊಪನಾಲ್, ಸಂಜೆಗೆ ಉದ್ದದ ಡಿಎನ್‌ಎ ಎಳೆ. ಮಧ್ಯಾಹ್ನ ಎಷ್ಟೇ ಸುಸ್ತಾಗಿದ್ದರೂ ದ್ರವ ಬದಲಾದಾಗ ಕೈಯನ್ನೂ ಬದಲಾಯಿಸಿ.

ಆಮ್ಲಗಳು, ಗಾಜಿನ ಪಿಪೆಟ್

ಗಾಢ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಮೈಕ್ರೋಪಿಪೆಟ್ಟಿನ ಪಿಸ್ಟನ್ನನ್ನು ತಿನ್ನುತ್ತದೆ. ಗಾಢ ಗಂಧಕಾಮ್ಲದ ಸಾಂದ್ರತೆ 1.84, ಮೇಲಾಗಿ ಮಂದ. ಎರಡಕ್ಕೂ ಗಾಜಿನ ಪಿಪೆಟ್ ಮತ್ತು ರಬ್ಬರ್ ಬಲ್ಬ್ ಬಳಸಿ, ಹುಡ್ ಒಳಗೆ. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಹಾಕಬೇಡಿ. ಎಂದಾದರೂ ಮೈಕ್ರೋಪಿಪೆಟ್ ಬಳಸಲೇಬೇಕಾದರೆ ಫಿಲ್ಟರ್ ಟಿಪ್ ಹಾಕಿ, ಕೆಲಸ ಮುಗಿದ ಕೂಡಲೇ ಪಿಪೆಟ್ ಬಿಚ್ಚಿ ಒಳಭಾಗ ಒರೆಸಿ ಗಾಳಿಗೆ ಬಿಡಿ.

ನಮ್ಮ ಪಿಯುಸಿ, ಡಿಗ್ರಿ ಕಾಲೇಜುಗಳಲ್ಲಿ ಟೈಟ್ರೇಶನ್ ಮಾಡುವಾಗ ಪಿಪೆಟ್ಟನ್ನು ಬಾಯಿಂದ ಎಳೆಯುವುದು ಇನ್ನೂ ನಿಂತಿಲ್ಲ. ಆಕ್ಸಾಲಿಕ್ ಆಮ್ಲ ವಿಷ. ಬಾಯಿಗೆ ಹೋದ ಒಂದು ಗುಟುಕಿಗೆ ಮಾರ್ಕ್ಸ್ ಸಮ ಅಲ್ಲ. ಇದನ್ನು ಓದುವ ಉಪನ್ಯಾಸಕರು ಇದ್ದರೆ ದಯವಿಟ್ಟು ಪ್ರತಿ ಬೆಂಚಿಗೂ ಒಂದು ರಬ್ಬರ್ ಬಲ್ಬ್ ಇಡಿಸಿ. ಹಾಗೇ, ಗಾಜಿನ ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬಾರದು. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ಇಳಿದಷ್ಟು ಇಳಿಯಲು ಬಿಡಿ. ಆ ಹನಿಯನ್ನು ಬಿಟ್ಟೇ ಅಳತೆಯ ಗೆರೆ ಹಾಕಿರುತ್ತಾರೆ. ಮೇಲ್ತುದಿಯಲ್ಲಿ ಎರಡು ಉಂಗುರದ ಗುರುತು ಇರುವ ಪಿಪೆಟ್ ಮಾತ್ರ ಊದಿ ಖಾಲಿ ಮಾಡಲು.

ನಿಮ್ಮ ಕೈಯನ್ನು ಪರೀಕ್ಷಿಸಿಕೊಳ್ಳಿ

ಮೊದಲ ಪರೀಕ್ಷೆಗೆ ತಕ್ಕಡಿಯೂ ಬೇಡ. ನೀರಿಗೆ ಅಡುಗೆಮನೆಯ ಕೇಸರಿ ಬಣ್ಣ ಹಾಕಿ. ಪ್ಯಾರಾಫಿಲ್ಮ್ ಎಂಬ ಮೇಣದ ಹಾಳೆಯ ತುಂಡಿನ ಮೇಲೆ 1 ಮೈಕ್ರೋಲೀಟರಿನ ಹತ್ತು ಹನಿಗಳನ್ನು ಸಾಲಾಗಿ ಇಡಿ. ಕಣ್ಣು ಬೆಂಚಿನ ಮಟ್ಟಕ್ಕೆ ತಂದು ಬದಿಯಿಂದ ನೋಡಿ. ಹತ್ತೂ ಒಂದೇ ಗಾತ್ರ ಇವೆಯೇ? ಇನ್ನೊಂದು ಆಟ: ಒಂದು ಟ್ಯೂಬಿಗೆ 10, 20, 70 ಮೈಕ್ರೋಲೀಟರ್ ಬೇರೆ ಬೇರೆಯಾಗಿ ಹಾಕಿ. ಒಂದು ಸ್ಪಿನ್ ಕೊಡಿ. ಆಮೇಲೆ ಪಿಪೆಟ್ಟನ್ನು 100ಕ್ಕೆ ಇಟ್ಟು ಎಲ್ಲವನ್ನೂ ಎಳೆಯಿರಿ. ತುದಿಯಲ್ಲಿ ಗಾಳಿ ಬಂದರೆ ಹಾಕಿದ್ದು ಕಮ್ಮಿ, ಟ್ಯೂಬಿನಲ್ಲಿ ಉಳಿದರೆ ಜಾಸ್ತಿ.

ಆಮೇಲೆ ತಕ್ಕಡಿ. ಪಿ-1000ವನ್ನು 1000ಕ್ಕೆ ಇಟ್ಟು, ಕೋಣೆಯ ಬಿಸಿಗೆ ಬಂದ ಶುದ್ಧ ನೀರನ್ನು ಹತ್ತು ಸಲ ತೂಗಿ ಬರೆದುಕೊಳ್ಳಿ. 25 ಡಿಗ್ರಿಯಲ್ಲಿ 1000 ಮೈಕ್ರೋಲೀಟರ್ ನೀರು ಗಾಳಿಯಲ್ಲಿ ತೂಗಿದಾಗ ಸುಮಾರು 996 ಮಿಲಿಗ್ರಾಂ ಬರುತ್ತದೆ, 1000 ಅಲ್ಲ. ಐಎಸ್‌ಒ 8655 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಈ ಗಾತ್ರದ ಪಿಪೆಟ್ಟಿನ ಸರಾಸರಿ 8 ಮೈಕ್ರೋಲೀಟರಿಗಿಂತ ಹೆಚ್ಚು ಆಚೀಚೆ ಇರಬಾರದು. ಅಂದರೆ 988ರಿಂದ 1004 ಮಿಲಿಗ್ರಾಂ ಒಳಗೆ ಬಂದರೆ ಸರಿ. ಪಿ-200ಕ್ಕೆ ಈ ಮಿತಿ 1.6 ಮೈಕ್ರೋಲೀಟರ್, ಪಿ-20ಕ್ಕೆ 0.2.

ಹತ್ತು ಅಂಕಿಗಳನ್ನು ಬರೆದ ಹಾಳೆಯನ್ನು ಹೀಗೆ ಓದಿ. ಅಂಕಿಗಳು 985, 1003, 991, 1008 ಅಂತ ಹಾರಾಡುತ್ತಿದ್ದರೆ ಮೊದಲ ಅನುಮಾನ ಕೈಯ ಮೇಲೆ. ಬೆರಳು ಬಿಡುವ ವೇಗ, ಮುಳುಗಿಸುವ ಆಳ, ಕಾಯುವ ಆ ಒಂದು ಸೆಕೆಂಡ್ ನೋಡಿಕೊಳ್ಳಿ. ಎಲ್ಲವೂ 980ರ ಹತ್ತಿರ ಒಟ್ಟಿಗೆ ಕೂತಿದ್ದರೆ ನಿಮ್ಮ ಕೈ ಚೆನ್ನಾಗಿದೆ, ಪಿಪೆಟ್ ಕ್ಯಾಲಿಬ್ರೇಶನ್‌ಗೆ ಹೋಗಬೇಕು. ಒಂದೊಂದೇ ಇಳಿಯುತ್ತ ಹೋದರೆ ಟಿಪ್ ಸರಿಯಾಗಿ ಕೂತಿಲ್ಲ ಅಥವಾ ಒಳಗೆ ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಸವೆದಿದೆ. ಹೊಸ ಟಿಪ್ ಹಾಕಿ ಇನ್ನೊಮ್ಮೆ ತೂಗಿ. ಆಗಲೂ ಇಳಿಯುತ್ತಿದ್ದರೆ ಆ ಪಿಪೆಟ್ಟಿಗೆ ಒಂದು ಟೇಪ್ ಅಂಟಿಸಿ ‘ಬಳಸಬೇಡಿ’ ಎಂದು ಬರೆದು, ದಿನಾಂಕ ಹಾಕಿ ಸ್ಟ್ಯಾಂಡಿನಿಂದ ತೆಗೆದಿಡಿ.